ಹನ್ನೊಂದನೆಯ ಕರೆ

ನವೆಂಬರ್ 4, ಸೋಮವಾರ

ಸಿಟ್ಟು ಬಂದಾಗ ಊಟದ ಮೇಜಿನ ಮೇಲೆ ಕಾರಿಕೊಳ್ಳದೆ ಪುಸ್ತಕದಲ್ಲಿ ಬರೆದಿಡಬೇಕು ಎಂದು ಡಾಕ್ಟರು ಹೇಳಿದರು. ಡಾಕ್ಟರು ಹೇಳಿದ್ದು ಒಂದು ಸಲ, ಲೂಬಾ ಹೇಳಿದ್ದು ಹದಿನಾಲ್ಕು ಸಲ. ಈ ಪುಸ್ತಕವನ್ನೂ ಅವಳೇ ತಂದಳು. ಹೊದಿಕೆಯ ಮೇಲೆ ಬಾತುಕೋಳಿಯ ಚಿತ್ರವಿದೆ. ಬೇಕೆಂದೇ ಹುಡುಕಿ ತಂದಿರಬೇಕು. ನಲವತ್ತಮೂರು ವರ್ಷ ಸಂಸಾರ ಮಾಡಿದ ಹೆಂಡತಿಗೆ ಗಂಡನನ್ನು ಎಲ್ಲಿ ಚುಚ್ಚಬೇಕೆಂದು ಗೊತ್ತಿರುತ್ತದೆ.

ವಿಷಯ ಇಷ್ಟು. ಎಲ್ಸಿ ಫ್ರೀಸನ್ ನನ್ನ ಮೇಲೆ ವಕೀಲರ ಸಂಘಕ್ಕೆ ಕೊಟ್ಟಿದ್ದ ದೂರು ಕಳೆದ ತಿಂಗಳು ವಜಾ ಆಯಿತು. ಪೀಡೆ ತೊಲಗಿತು ಎಂದುಕೊಂಡೆ. ವಜಾ ಮಾಡಿದ ಪತ್ರದ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ತೃಪ್ತಿಯಾಗದಿದ್ದರೆ ಮೂವತ್ತು ದಿನದೊಳಗೆ ಮರುಪರಿಶೀಲನೆ ಕೇಳಬಹುದು. ಆ ಸಾಲನ್ನು ಯಾರೂ ಓದುವುದಿಲ್ಲ. ಎಲ್ಸಿ ಓದಿದ್ದಾಳೆ. ಇಪ್ಪತ್ತೊಂಬತ್ತನೆಯ ದಿನ ಅರ್ಜಿ ಹಾಕಿದ್ದಾಳೆ.

ಅವಳ ತಮ್ಮ ಏಬ್ ಸಾಯುವ ಮುಂಚೆ ಹೊಲವನ್ನು ಮಗನ ಹೆಸರಿಗೆ ಬರೆದ. ಹೊಲದ ನಡುವೆ ಬಾತುಕೋಳಿಗಳು ಇಳಿಯುವ ಜೌಗು ಕೊಳವನ್ನು ಮಾತ್ರ ಎಲ್ಸಿ ಇರುವ ತನಕ ಯಾರೂ ಬಸಿಯಬಾರದು, ಉಳಬಾರದು ಎಂದು ಷರತ್ತು ಹಾಕಿದ. ಆ ಷರತ್ತನ್ನು ಭೂದಾಖಲೆ ಕಚೇರಿಯಲ್ಲಿ ತಕರಾರಾಗಿ ದಾಖಲಿಸುವ ಕೆಲಸ ನನ್ನದು. ದಾಖಲಿಸಿದೆ. ಆದರೆ ಅದಕ್ಕೆ ಒಂಬತ್ತು ದಿನ ಮೊದಲೇ ಮಗ ಹೊಲವನ್ನು ಮಾರಿಬಿಟ್ಟಿದ್ದ. ಕೊಂಡವನು ಬೇಸಿಗೆಯಲ್ಲಿ ಕಾಲುವೆ ತೋಡಿ ಕೊಳದ ನೀರನ್ನೆಲ್ಲ ಬಸಿದು ಹಾಕಿದ. ಮಾರಾಟ ನಡೆಯುತ್ತಿದೆ, ಬೇಗ ಏನಾದರೂ ಮಾಡು ಎಂದು ಹೇಳಲು ಆರು ವಾರದಲ್ಲಿ ಹನ್ನೊಂದು ಸಲ ಫೋನ್ ಮಾಡಿದೆ, ಒಂದಕ್ಕೂ ಉತ್ತರವಿಲ್ಲ ಎಂಬುದು ಎಲ್ಸಿಯ ದೂರು. ಅಂಥ ಒಂದು ಕರೆಯೂ ಬಂದಿಲ್ಲ ಎಂಬುದು ನನ್ನ ಉತ್ತರ. ಆ ಆರು ವಾರ ನನ್ನ ಕಾರ್ಯದರ್ಶಿ ವರ್ನಾ ಸೊಂಟದ ಶಸ್ತ್ರಚಿಕಿತ್ಸೆಗೆ ರಜೆ ಹಾಕಿದ್ದಳು, ದನಿಮುದ್ರಣ ಯಂತ್ರದ ಸಂದೇಶಗಳನ್ನು ನಾನೇ ಕೇಳಿ ಅಳಿಸುತ್ತಿದ್ದೆ. ಬಂದಿದ್ದರೆ ನನಗೆ ನೆನಪಿರುತ್ತಿತ್ತು.

ನನ್ನ ಉತ್ತರದಲ್ಲಿ ಒಂದು ವಾಕ್ಯ ಚೆನ್ನಾಗಿ ಬಂದಿತ್ತು. "ದೂರುದಾರರ ವಯಸ್ಸನ್ನು ಗಮನಿಸಿದರೆ, ನೆನಪು ಕೈಕೊಟ್ಟಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ." ತನಿಖಾಧಿಕಾರಿ ಅದನ್ನು ಹಾಗೇ ಎತ್ತಿ ತನ್ನ ತೀರ್ಮಾನದಲ್ಲಿ ಹಾಕಿಕೊಂಡಿದ್ದಾಳೆ. ಎಲ್ಸಿಗೆ ಎಪ್ಪತ್ತೊಂದು. ನನಗೆ ಅರವತ್ತೆಂಟು.

ನಲವತ್ತೊಂದು ವರ್ಷದ ವಕೀಲಿಕೆಯಲ್ಲಿ ಒಂದು ಗಡುವನ್ನೂ ಮರೆತವನಲ್ಲ ನಾನು. ಕೊಳದ್ದು ಗಡುವಲ್ಲ. ಇನ್ನೂ ಬರೆಯಬಹುದಿತ್ತು, ಕನ್ನಡಕ ಎಲ್ಲೋ ಹೋಗಿದೆ.

ನವೆಂಬರ್ 5, ಮಂಗಳವಾರ

ಕನ್ನಡಕ ಹಣೆಯ ಮೇಲಿತ್ತು.

ಸಂಜೆ ಕರ್ಲಿಂಗ್ ಆಟ, ಹಿಮದ ಮೇಲೆ ಕಲ್ಲು ಜಾರಿಸಿ ವೃತ್ತದ ನಡುವೆ ಕೂರಿಸುವುದು. ನಮ್ಮ ಊರಿನ ಕ್ಲಬ್ಬಿನಲ್ಲಿ ಇರುವುದು ನಾಲ್ಕು ಹಿಮದ ಅಂಕಣ, ಎಂಟು ತಂಡ. ದೂರು ಕೊಟ್ಟವಳು, ಕೊಡಿಸಿಕೊಂಡವನು ಎಂದು ತಂಡ ಬದಲಾಯಿಸುತ್ತ ಕೂತರೆ ಆಟ ಶುರುವಾಗುವುದು ಹಿಮ ಕರಗಿದ ಮೇಲೆಯೇ. ಆದ್ದರಿಂದ ಹದಿನೇಳು ವರ್ಷದಿಂದ ಇದ್ದ ಹಾಗೆ ಈ ವರ್ಷವೂ ಎಲ್ಸಿ ನಮ್ಮ ನಾಯಕಿ. ಅವಳು ಆ ತುದಿಯ ವೃತ್ತದಲ್ಲಿ ನಿಂತು ಕೂಗುತ್ತಾಳೆ, ನಾನು ಜಾರುವ ಕಲ್ಲಿನ ಮುಂದೆ ಬ್ರಷ್ಷಿನಿಂದ ಹಿಮ ಉಜ್ಜುತ್ತ ಓಡುತ್ತೇನೆ. ಆಟದ ಹೊರಗೆ ನಾವು ಮಾತಾಡುವುದಿಲ್ಲ. ಕಚೇರಿಯ ವಿಷಯ ಕ್ಲಬ್ಬಿನಲ್ಲಿ ಬೇಡ, ಫೋನ್ ಮಾಡಿ ಎಂದು ನಾನು ಮೊದಲಿಂದಲೂ ಎಲ್ಲರಿಗೂ ಹೇಳಿಟ್ಟಿದ್ದೇನೆ.

"ಉಜ್ಜು, ಓರೆಸ್ಟ್. ಉಜ್ಜು ಅಂದ್ನಲ್ಲ. ಕೇಳಿಸ್ತಾ ಇದೆಯಾ, ಇಲ್ಲ ಹನ್ನೊಂದು ಸಲ ಕೂಗ್ಬೇಕಾ?"

ನಾಲ್ಕೂ ಅಂಕಣದವರು ನಕ್ಕರು. ಹಿಮ ಹದಮಾಡುವ ಸ್ವೆರ್ರೆ ಮುದುಕ ಕೂಡ ನಕ್ಕ. ಅವನು ಕೊನೆಯ ಸಲ ನಕ್ಕಿದ್ದನ್ನು ನೋಡಿದವರು ಊರಲ್ಲಿ ಯಾರೂ ಬದುಕಿಲ್ಲ.

ನವೆಂಬರ್ 14, ಗುರುವಾರ

ಮರುಪರಿಶೀಲನೆ ಮಾಡುವವರ ಹೆಸರು ಬಂತು. ನಿಯಮದ ಪ್ರಕಾರ ಅವರು ವಕೀಲರಾಗಿರಬಾರದು. ವಕೀಲರ ಮೇಲಿನ ದೂರನ್ನು ವಕೀಲರೇ ಮುಚ್ಚಿಹಾಕಿದರು ಎಂಬ ಮಾತು ಬರಬಾರದಲ್ಲ, ಅದಕ್ಕೆ. ನನ್ನ ಪಾಲಿಗೆ ಬಂದವಳು ಡಾ. ಟ್ವೀಡಲ್. ನಿವೃತ್ತ ಪಶುವೈದ್ಯೆ. ನನ್ನ ನಲವತ್ತೊಂದು ವರ್ಷದ ವಕೀಲಿಕೆಯನ್ನು ಒಬ್ಬ ದನದ ಡಾಕ್ಟರು ಬಾಯಿ ಬಿಡಿಸಿ ಹಲ್ಲು ಎಣಿಸಿ ನೋಡುತ್ತಾಳಂತೆ.

ವರ್ನಾಗೆ ಪತ್ರ ತೋರಿಸಿದೆ. ಇಪ್ಪತ್ತೇಳು ವರ್ಷದಿಂದ ನನ್ನ ಕಚೇರಿಯನ್ನು, ನನ್ನನ್ನು, ಎರಡನ್ನೂ ನಡೆಸುತ್ತಿರುವವಳು.

"ದನಗಳೂ ಫೋನಿಗೆ ಉತ್ತರ ಕೊಡಲ್ಲ, ವಕೀಲ್ರೇ. ಅವರಿಗೆ ಅಭ್ಯಾಸ ಇರುತ್ತೆ ಬಿಡಿ," ಎಂದಳು.

ನನಗೆ ಚಿಂತೆಯೇನಿಲ್ಲ. ಡಾ. ಟ್ವೀಡಲ್ ಹೊಸದಾಗಿ ತನಿಖೆ ಮಾಡುವಂತಿಲ್ಲ. ಕಡತದಲ್ಲಿ ಇರುವುದನ್ನು ಓದಿ, ಎಲ್ಸಿಯ ಮಾತು ಕೇಳಿ, ತನಿಖಾಧಿಕಾರಿಯ ತೀರ್ಮಾನ ಒಪ್ಪುವಂಥದ್ದೋ ಅಲ್ಲವೋ ಎಂದಷ್ಟೇ ಹೇಳಬೇಕು. ಒಪ್ಪಿದರೆ ಅಲ್ಲಿಗೆ ಮುಗಿಯಿತು, ಎಲ್ಸಿಗೆ ಮುಂದೆ ದಾರಿಯಿಲ್ಲ. ಒಪ್ಪದಿದ್ದರೆ ಕಡತ ವಾಪಸು ತನಿಖೆಗೆ ಹೋಗುತ್ತದೆ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಕಡತದಲ್ಲಿ ಇರುವುದು ಅವಳ ಮಾತು, ನನ್ನ ಮಾತು, ನನ್ನ ಆ ಚೆಂದದ ವಾಕ್ಯ.

ಇದೇ ಪತ್ರ ಎರಡು ತಿಂಗಳ ಮುಂಚೆ ಬಂದಿದ್ದರೆ ರಕ್ತದೊತ್ತಡ ಏರುತ್ತಿತ್ತು. ಈಗ ಸಮಾಧಾನವಾಗಿದ್ದೇನೆ. ಲೂಬಾಗೆ ಮೂರು ಸಲ ಹೇಳಿದೆ, ಸಮಾಧಾನವಾಗಿದ್ದೇನೆ ಎಂದು.

ನವೆಂಬರ್ 21, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಕಾಫಿಗೆ ಹೋದಾಗ ಹೋಟೆಲಿನ ಉದ್ದ ಮೇಜಿನಲ್ಲಿ ಎಲ್ಸಿ ಕೂತಿದ್ದಳು. ವಾರದ ದಿನ ಹತ್ತಕ್ಕೆ ಅವಳು ಅಲ್ಲಿ ಇರುವುದಿಲ್ಲ, ತಾನು ಓಡಿಸುವ ಶಾಲಾ ಬಸ್ಸನ್ನು ಡಿಪೋದಲ್ಲಿ ತೊಳೆಯುತ್ತಿರುತ್ತಾಳೆ. ಕಚೇರಿಗೆ ಬಂದು ವರ್ನಾಳನ್ನು ಕೇಳಿದೆ.

"ನಿಮಗೆ ಗೊತ್ತಿಲ್ವಾ? ಬಸ್ಸಿನ ಕೀ ಇಸ್ಕೊಂಡ್ರು. ಮೂರು ವಾರದ ಮೇಲಾಯ್ತು."

"ಯಾರು?"

"ಲೈಲ್. ಬಸ್ಸುಗಳನ್ನೆಲ್ಲ ನೋಡ್ಕೊಳ್ಳೋನು ಅವನೇ ಅಲ್ವಾ? ಆ ವಜಾ ಪತ್ರಾನ ಎಲ್ಸಿ ಒಂದು ಶನಿವಾರ ಕಾಫಿ ಮೇಜಲ್ಲಿ ಗಟ್ಟಿಯಾಗಿ ಓದಿದ್ಲು. ನನ್ನ ನೆನಪು ಕೈಕೊಟ್ಟಿದೆಯಂತೆ ನೋಡ್ರೋ ಅಂತ ನಗಿಸೋಕೆ. ಎಲ್ಲರೂ ನಕ್ರು. ಲೈಲ್ ನಗಲಿಲ್ಲ. ಸರ್ಕಾರಿ ಕಾಗದದಲ್ಲಿ ಹೀಗೆ ಬರೆದ ಮೇಲೆ ಮಕ್ಕಳನ್ನ ಹೇಗೆ ಕಳಿಸ್ಲಿ ಅಂದ. ಅದು ಸುಳ್ಳು ಅಂತ ಅದೇ ಸಂಘದಿಂದ ಬರೆಸ್ಕೊಂಡು ಬಾ, ಕೀ ಕೊಡ್ತೀನಿ ಅಂದ್ನಂತೆ. ಮೂವತ್ನಾಲ್ಕು ವರ್ಷ ಓಡಿಸಿದಾಳೆ, ವಕೀಲ್ರೇ. ಒಂದು ಮಗೂನ ತಪ್ಪು ಗೇಟಲ್ಲಿ ಇಳಿಸಿಲ್ಲ."

ಅದಕ್ಕೇ ಇಪ್ಪತ್ತೊಂಬತ್ತನೆಯ ದಿನದ ಅರ್ಜಿ. ನಾನು ಹಟ ಎಂದುಕೊಂಡಿದ್ದೆ.

ಲೈಲ್ ಮಾಡಿದ್ದು ಅತಿಯಾಯಿತು. ನಾನು ಬರೆದದ್ದು ಸಾಧ್ಯತೆ ಎಂದು ಮಾತ್ರ. ಸಾಧ್ಯತೆಗೂ ಸಂಗತಿಗೂ ವ್ಯತ್ಯಾಸ ತಿಳಿಯದ ಮನುಷ್ಯ ಬಸ್ಸುಗಳ ಉಸ್ತುವಾರಿ ನೋಡುತ್ತಾನೆ.

ಡಿಸೆಂಬರ್ 12, ಗುರುವಾರ

ಮೈನಸ್ ಮೂವತ್ತೊಂದು. ಮೇಜಿನ ಮೇಲೆ ಹದಿನಾರು ಫೋನ್ ಚೀಟಿಗಳು. ಚೀಟಿಗಳನ್ನು ಎರಡು ದಿನ ಹಾಗೇ ಬಿಟ್ಟರೆ ಅರ್ಧ ತೊಂದರೆಗಳು ತಾವೇ ಬಗೆಹರಿದಿರುತ್ತವೆ. ಉಳಿದರ್ಧದವರು ಮತ್ತೆ ಮಾಡುತ್ತಾರೆ. ಹೊಸ ವಕೀಲರಿಗೆ ಈ ವಿದ್ಯೆ ಯಾರೂ ಕಲಿಸುವುದಿಲ್ಲ.

ಲೂಬಾ ಸಾರಿಗೆ ಹುಳಿ ಕೆನೆ ತರಲು ಹೇಳಿದ್ದಳಂತೆ. ಹೇಳಿರಲಿಲ್ಲ. ನನ್ನ ನೆನಪಿನ ವಿಷಯದಲ್ಲಿ ಈ ಊರಿನಲ್ಲಿ ಯಾರೂ ಬೆರಳು ತೋರಿಸುವಂತಿಲ್ಲ.

ಜನವರಿ 7, ಮಂಗಳವಾರ

ಆಟ ಮುಗಿಸಿ ಬೂಟು ಬಿಚ್ಚುತ್ತಿದ್ದಾಗ ಒಂದು ವಾದ ಹುಟ್ಟಿತು. ಕಳೆದ ವರ್ಷ ಇದೇ ತಂಡದ ಮೇಲೆ ಗೆದ್ದಿದ್ದೆವು ಎಂದು ನಾನು ಹೇಳಿದೆ, ಎಲ್ಸಿಗಲ್ಲ, ಗೋಡೆಗೆ.

"ಸೋತಿದ್ವಿ," ಎಂದಳು ಎಲ್ಸಿ, ಅವಳೂ ಗೋಡೆಗೆ. "ಫೆಬ್ರುವರಿ ಐದು, ಮಂಗಳವಾರ. ಏಳು–ನಾಲ್ಕು. ಆರನೇ ಸುತ್ತಲ್ಲಿ ನೀನು ಹಿಂದಕ್ಕೆ ಬಿದ್ದೆ."

"ಆರು–ಐದು. ನಾವೇ ಗೆದ್ವಿ. ನಾನು ಯಾವತ್ತೂ ಬಿದ್ದಿಲ್ಲ."

"ಪಂದ್ಯ ಕಟ್ತೀಯಾ? ಸೋತೋರು ಎಲ್ಲರಿಗೂ ಪೆರೋಗಿ ಕಡುಬು ತರ್ಬೇಕು. ಲೂಬಾ ಕೈದು, ಅಂಗಡೀದಲ್ಲ."

ಕಟ್ಟಿದೆ. ಅಲ್ಲೇ ನನಗೊಂದು ಯೋಚನೆ ಹೊಳೆಯಿತು. ಎಲ್ಸಿಯ ನೆನಪು ತಪ್ಪು ಎಂದು ಕ್ಲಬ್ಬಿನ ದಾಖಲೆಯಿಂದಲೇ ಸಿದ್ಧವಾದರೆ ಡಾ. ಟ್ವೀಡಲ್‌ಗೆ ಅದನ್ನು ಕಳಿಸಬಹುದಲ್ಲ? ಪ್ರತಿ ಆಟದ ಸ್ಕೋರ್ ಕಾರ್ಡನ್ನು ಸ್ವೆರ್ರೆ ಒಂದು ಬೂಟಿನ ಡಬ್ಬಿಯಲ್ಲಿ ಕೂಡಿಡುತ್ತಾನೆ. ಅವನಿಗೆ ಯಾವುದನ್ನೂ ಬಿಸಾಡುವ ಅಭ್ಯಾಸವಿಲ್ಲ, ನಗುವನ್ನೂ ಸೇರಿಸಿ.

ಜನವರಿ 8, ಬುಧವಾರ

ಏಳು–ನಾಲ್ಕು. ಸೋತಿದ್ದೆವು. ಕಾರ್ಡಿನ ಅಂಚಿನಲ್ಲಿ ನನ್ನದೇ ಅಕ್ಷರ: "ಆರನೇ ಸುತ್ತು, ಬಿದ್ದೆ."

ಕಾರ್ಡು ತಿರುಗಿಸಿದೆ. ಹಿಂಬದಿಯಲ್ಲೂ ನನ್ನದೇ ಅಕ್ಷರ. "ಎಲ್ಸಿ. ಏಬ್ ಮಗ ಹೊಲಕ್ಕೆ ಗಿರಾಕಿ ಹಿಡಿದಿದ್ದಾನೆ. ತಕರಾರು ಹಾಕಿದ್ಯಾ? ಬೇಗ ಫೋನ್ ಮಾಡು."

ಇಡೀ ಡಬ್ಬಿಯನ್ನು ಬೆಂಚಿನ ಮೇಲೆ ಸುರಿದೆ.

ಈಗ ನೆನಪಾಗುತ್ತಿದೆ. ವರ್ನಾ ಇಲ್ಲದ ಆ ವಾರಗಳಲ್ಲಿ ನಾನು ಆಟಕ್ಕೆ ಅರ್ಧ ಗಂಟೆ ಮುಂಚೆ ಬಂದು ಕ್ಲಬ್ಬಿನ ಫೋನಿನಿಂದ ಕಚೇರಿಯ ಸಂದೇಶಗಳನ್ನು ಕೇಳುತ್ತಿದ್ದೆ. ಜೇಬಿನಲ್ಲಿ ಇರುತ್ತಿದ್ದ ಕಾಗದವೆಂದರೆ ಖಾಲಿ ಸ್ಕೋರ್ ಕಾರ್ಡು. ಹಿಂಬದಿಯಲ್ಲಿ ಸಂದೇಶ ಬರೆದುಕೊಂಡು ಯಂತ್ರದಲ್ಲಿದ್ದುದನ್ನು ಅಳಿಸುತ್ತಿದ್ದೆ. ಆಮೇಲೆ ಆಟ. ಆಟವಾದ ಮೇಲೆ ಅದೇ ಕಾರ್ಡಿನ ಮುಂಬದಿಯಲ್ಲಿ ಸ್ಕೋರು ತುಂಬಿ, ತಾರೀಕು ಹಾಕಿ, ಸಹಿ ಮಾಡಿ ಸ್ವೆರ್ರೆಯ ಡಬ್ಬಿಗೆ.

ಎಲ್ಸಿಯ ಹೆಸರಿರುವ ಕಾರ್ಡುಗಳು ಒಂಬತ್ತು. ಎಲ್ಲದಕ್ಕೂ ತಾರೀಕಿದೆ. ಎಲ್ಲದಕ್ಕೂ ನನ್ನ ಸಹಿಯಿದೆ. ಕೊನೆಯದರ ಹಿಂಬದಿ: "ಎಲ್ಸಿ. ಶುಕ್ರವಾರ ರುಜು ಹಾಕುತ್ತಾರಂತೆ. ದಯವಿಟ್ಟು."

ಸ್ವೆರ್ರೆ ಬಾಗಿಲಲ್ಲಿ ನಿಂತು, "ಸಿಕ್ತಾ?" ಎಂದು ಕೇಳಿದ.

ಸಿಕ್ಕಿತು ಎಂದೆ. ಪೆರೋಗಿ ತರಬೇಕು ಎಂದೆ. ಒಂಬತ್ತು ಕಾರ್ಡುಗಳನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಬಂದೆ.

ಜನವರಿ 9, ಗುರುವಾರ

ಪೆರೋಗಿ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ನಾನು ತಿನ್ನಲಿಲ್ಲ.

ಜನವರಿ 16, ಗುರುವಾರ

ಕಾನೂನಿನ ದೃಷ್ಟಿಯಿಂದ ನೋಡೋಣ.

ಮರುಪರಿಶೀಲನೆ ನಡೆಯುವುದು ಕಡತದಲ್ಲಿ ಇದ್ದುದರ ಮೇಲೆ. ಕಾರ್ಡುಗಳು ಕಡತದಲ್ಲಿ ಇರಲಿಲ್ಲ. ನನ್ನಿಂದ ಯಾರೂ ಏನನ್ನೂ ಕೇಳಿಲ್ಲ. ಕೇಳದೆ ಇರುವುದಕ್ಕೆ ಉತ್ತರ ಕೊಡುವುದು ವಕೀಲನಿಗೆ ಶೋಭೆಯಲ್ಲ. ಕಾರ್ಡುಗಳು ಕ್ಲಬ್ಬಿನ ಸ್ವತ್ತು, ನನ್ನದಲ್ಲ. ನಾನು ತನಿಖಾಧಿಕಾರಿಗೆ ಬರೆದದ್ದು ಆಗ ನಿಜವೆಂದು ನಂಬಿ ಬರೆದದ್ದು. ಆಗ ನಂಬಿದ್ದು ಸುಳ್ಳಲ್ಲ.

ಎಲ್ಲ ಅಂಶಗಳೂ ಗಟ್ಟಿಯಾಗಿವೆ. ಎರಡು ಸಲ ಓದಿದೆ. ಬೇರೆ ಯಾವ ವಕೀಲನಾದರೂ ಇದನ್ನು ನನ್ನ ಮುಂದೆ ವಾದಿಸಿದ್ದರೆ, ಅಯ್ಯಾ, ಏನನ್ನೋ ಮುಚ್ಚಿಡುತ್ತಿದ್ದೀಯ ಎಂದು ಮೊದಲ ನಿಮಿಷದಲ್ಲೇ ಹೇಳುತ್ತಿದ್ದೆ.

ಜನವರಿ 23, ಗುರುವಾರ

ಕೋಟನ್ನು ಒಗೆಯಲು ಹಾಕಲು ಹೋಗಿ ಲೂಬಾ ಕಾರ್ಡುಗಳನ್ನು ನೋಡಿದಳು. ಅಡುಗೆಮನೆಯ ಮೇಜಿನ ಮೇಲೆ ಇಸ್ಪೀಟಿನ ಎಲೆಗಳ ಹಾಗೆ ಒಂಬತ್ತನ್ನೂ ಹರಡಿ ಕೂತಿದ್ದಳು. ನಾನೇ ಅಂಶಗಳನ್ನು ಒಂದೊಂದಾಗಿ ವಿವರಿಸಿದೆ. ಬೀಟ್‌ರೂಟ್ ಸಾರು ಆರುವ ತನಕ ಕೇಳಿಸಿಕೊಂಡಳು.

"ಎಷ್ಟು ದಿನದಿಂದ ಜೇಬಲ್ಲಿದೆ?"

"ಹದಿನೈದು."

"ಅದಕ್ಕೇ ಹದಿನೈದು ದಿನದಿಂದ ಎದೆ ಉರಿ ಅಂತಿದ್ದೀಯ. ನಾನು ಎಲೆಕೋಸು ನಿಲ್ಸಿದ್ದು ದಂಡ."

"ಎದೆ ಉರಿಗೂ ಇದಕ್ಕೂ ಸಂಬಂಧ ಇಲ್ಲ."

"ಇಲ್ಲ ಬಿಡು. ಸಾಧ್ಯತೇನ ತಳ್ಳಿಹಾಕುವಂತಿಲ್ಲ, ಅಷ್ಟೆ."

ನನ್ನ ವಾಕ್ಯವನ್ನು ನನ್ನ ಮನೆಯಲ್ಲೇ ನನ್ನ ಮೇಲೆ ಎಸೆದಳು. ಇವಳನ್ನು ಕಾನೂನು ಓದಿಸಬೇಕಿತ್ತು. ಒಗೆದ ಕೋಟು ತಂದುಕೊಟ್ಟಳು, ಕಾರ್ಡುಗಳು ಮತ್ತೆ ಒಳಜೇಬಿನಲ್ಲೇ ಇದ್ದವು.

ಫೆಬ್ರುವರಿ 4, ಮಂಗಳವಾರ

ಡಾ. ಟ್ವೀಡಲ್ ಮುಂದಿನ ವಾರ ಎಲ್ಸಿಯ ಮಾತು ಕೇಳುತ್ತಾಳೆ, ಅದಾದ ಮೇಲೆ ತೀರ್ಮಾನ ಬರೆಯುತ್ತಾಳೆ ಎಂದು ಸಂಘದಿಂದ ತಿಳಿಸಿದ್ದಾರೆ. ಮಾಹಿತಿಗಾಗಿ ಮಾತ್ರ, ನಾನೇನೂ ಮಾಡಬೇಕಿಲ್ಲ.

ಈ ದಿನ ಚೀಟಿಗಳೆಲ್ಲ ಖಾಲಿ. ಹನ್ನೆರಡು ಜನಕ್ಕೆ ಫೋನ್ ಮಾಡಿದೆ. ಸಂಜೆಗೆ ಗಂಟಲು ಕಟ್ಟಿತು. ಒಬ್ಬ ಮುದುಕಿ, ನೀವೇ ಮಾಡಿದ್ರಾ, ಯಾರಾದರೂ ತೀರ್ಕೊಂಡ್ರಾ ಎಂದು ಕೇಳಿದಳು. ವರ್ನಾ ಎರಡು ಸಲ ಒಳಗೆ ಬಂದು ನನ್ನ ಹಣೆ ಮುಟ್ಟಿ ನೋಡುವವಳ ಹಾಗೆ ನಿಂತು ಹೋದಳು. ಬೇರೆ ಕೆಲಸವಿರಲಿಲ್ಲ, ಅದಕ್ಕೇ ಮಾಡಿದೆ.

ಫೆಬ್ರುವರಿ 13, ಗುರುವಾರ

ಸೋತೆವು. ಲೀಗಿನಿಂದಲೇ ಹೊರಬಿದ್ದೆವು. ಸಿಟ್ಟು ಬಂದಿದೆ, ಬರೆದಿಡುತ್ತೇನೆ.

ಎದುರಿಗಿದ್ದದ್ದು ಲೈಲ್‌ನ ತಂಡ. ಸಮ ಸಮ, ಕೊನೆಯ ಕಲ್ಲು ನಮ್ಮದು. ಎಲ್ಸಿಯೇ ಎಸೆದಳು. ಎಪ್ಪತ್ತೊಂದರ ಮೊಣಕಾಲು ಮಡಿಸಿ ಆಕೆ ಅಂಥ ಕಲ್ಲು ಬಿಟ್ಟದ್ದನ್ನು ನಾನು ಹತ್ತು ವರ್ಷದಲ್ಲಿ ನೋಡಿಲ್ಲ. ನಾನು ಅದರ ಮುಂದೆ ಪ್ರಾಣ ಬಿಟ್ಟು ಉಜ್ಜುತ್ತಿದ್ದೆ. ವೃತ್ತಕ್ಕೆ ಎರಡು ಮಾರು ಇದ್ದಾಗ ನನ್ನ ಬ್ರಷ್ಷಿನ ಅಂಚು ಕಲ್ಲಿಗೆ ತಾಗಿತು. ಕೂದಲೆಳೆಯಷ್ಟು. ಕಲ್ಲಿನ ದಾರಿ ಬದಲಾಗಲಿಲ್ಲ, ಹೋಗಿ ನಟ್ಟನಡುವೆ ಕೂತಿತು. ಎಲ್ಲರೂ ಕೂಗಿಕೊಂಡರು. ಯಾರೂ ನೋಡಿರಲಿಲ್ಲ.

ಕರ್ಲಿಂಗಿನಲ್ಲಿ ತೀರ್ಪುಗಾರನಿಲ್ಲ. ಬ್ರಷ್ಷು ತಾಗಿದ ಕಲ್ಲು ಲೆಕ್ಕಕ್ಕಿಲ್ಲ, ತಾಗಿಸಿದವನೇ ಹೇಳಬೇಕು. ನಾನು ಕೈಯೆತ್ತಿ, ತಾಗಿತು ಎಂದೆ. ಕಲ್ಲು ತೆಗೆದರು. ಅಷ್ಟೇ, ಆಟ ಮುಗಿಯಿತು.

ಕೈಕುಲುಕುವಾಗ ಲೈಲ್, "ನಾನು ನೋಡ್ಲೇ ಇಲ್ಲ ಓರೆಸ್ಟ್, ನೀನು ಹೇಳದೆ ಇದ್ದಿದ್ರೆ..." ಎಂದ. ಹೇಳದೆ ಇರುವುದು ಎಂದರೇನು? ಹೇಳದೆ ಹೇಗಿರುತ್ತಾರೆ? ವಿಚಿತ್ರ ಪ್ರಶ್ನೆ ಕೇಳುತ್ತಾನೆ. ಆರು ವರ್ಷದಿಂದ ಒಂದು ಕಪ್ ಗೆದ್ದಿಲ್ಲ ನಾವು.

ಎಲ್ಸಿ ಮಾತ್ರ ಬ್ರಷ್ಷಿನ ಮೇಲೆ ಗಲ್ಲ ಊರಿ ನನ್ನನ್ನೇ ನೋಡುತ್ತಿದ್ದಳು. ಬಯ್ದಿದ್ದರೆ ವಾಸಿಯಿತ್ತು.

ಫೆಬ್ರುವರಿ 14, ಶುಕ್ರವಾರ

ರಾಜಧಾನಿಗೆ ಹೋಗಿಬಂದೆ. ಹೋಗಲು ಎರಡೂವರೆ ಗಂಟೆ, ಬರಲು ಮೂರು, ದಾರಿಯುದ್ದಕ್ಕೂ ಹಾರುವ ಹಿಮ. ಕಾರ್ಡುಗಳನ್ನು ಅಂಚೆಯಲ್ಲಿ ಹಾಕಬಹುದಿತ್ತು, ಆದರೆ ಕ್ಲಬ್ಬಿನ ಸ್ವತ್ತು, ಕಳೆದುಹೋದರೆ ಸ್ವೆರ್ರೆಗೆ ಯಾರು ಉತ್ತರ ಹೇಳುವುದು? ಹೇಗೂ ಕಾರಿಗೆ ಬ್ಯಾಟರಿ ನೋಡಿಸಬೇಕಿತ್ತು. ಎಲ್ಲ ಸೇರಿ ಒಂದೇ ಸಲ ಆಯಿತು.

ಬೆಳಿಗ್ಗೆ ಬೇಗ ಕಚೇರಿಗೆ ಹೋಗಿ ಕಾರ್ಡುಗಳ ಜೊತೆಗೆ ಇಡಲು ಒಂದು ಪತ್ರ ಬರೆದೆ. ಒಂಬತ್ತು ಪುಟ. ಸಂದರ್ಭ, ವರ್ನಾಳ ಸೊಂಟ, ಕ್ಲಬ್ಬಿನ ಫೋನು, ಆಗಿನ ನನ್ನ ನಂಬಿಕೆ, ಎಲ್ಲವೂ ಇತ್ತು. ವರ್ನಾ ಕೋಟು ಬಿಚ್ಚದೆ ನಿಂತೇ ಓದಿದಳು. ನನ್ನ ಕುರ್ಚಿಯಲ್ಲಿ ಕೂತು ಬೇರೆ ಹಾಳೆಯಲ್ಲಿ ಟೈಪ್ ಮಾಡಿದಳು:

"ಇವು ನನಗೆ ಜನವರಿ ಎಂಟರಂದು ಸಿಕ್ಕವು. ಆಕೆ ಫೋನ್ ಮಾಡಿದ್ದರು. ನಾನು ಮರೆತಿದ್ದೆ."

"ಅಷ್ಟೇನಾ?" ಎಂದೆ.

"ಒಂಬತ್ತು ಪುಟದಲ್ಲಿ ಇದಕ್ಕಿಂತ ಜಾಸ್ತಿ ಏನಿದೆ, ತೋರಿಸಿ ವಕೀಲ್ರೇ."

ತೋರಿಸಲು ಹುಡುಕಿದೆ. ಸಹಿ ಮಾಡಿದೆ.

ಡಾ. ಟ್ವೀಡಲ್ ಕುಳ್ಳಗೆ, ಅಗಲ ಕೈಯ ಹೆಂಗಸು. ಕಾರ್ಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು, ಹಿಂದೆ ಮುಂದೆ, ಹಿಂದೆ ಮುಂದೆ.

"ಇದು ಕಡತದಲ್ಲಿ ಇರ್ಲಿಲ್ಲ. ಇದನ್ನ ತೂಗಿ ನೋಡೋ ಅಧಿಕಾರ ನನಗಿಲ್ಲ. ವಾಪಸ್ ತನಿಖೆಗೆ ಕಳಿಸೋಕೆ ಮಾತ್ರ ಆಗುತ್ತೆ. ಆಮೇಲೆ ನಿಮ್ಮ ಮೇಲೇ ತಿರುಗುತ್ತೆ, ಗೊತ್ತಲ್ವಾ?"

"ನಲವತ್ತೊಂದು ವರ್ಷ ವಕೀಲಿಕೆ ಮಾಡಿದೀನಿ, ಮೇಡಂ."

"ಅದು ಗೊತ್ತು. ಇದು ಗೊತ್ತಾ ಅಂತ ಕೇಳಿದ್ದು."

ಗೊತ್ತು ಎಂದೆ. ಚಹಾ ಕೊಟ್ಟಳು. ಫೆಬ್ರುವರಿ ಐದರ ಕಾರ್ಡು ನೋಡಿ, "ಬಿದ್ದಾಗ ಪೆಟ್ಟಾಯ್ತಾ?" ಎಂದು ಕೇಳಿದಳು. ಇಡೀ ಪ್ರಕರಣದಲ್ಲಿ ನನಗೆ ಪೆಟ್ಟಾಯಿತೇ ಎಂದು ಕೇಳಿದ ಮೊದಲ ವ್ಯಕ್ತಿ. ದನಗಳು ಇವಳನ್ನು ನಂಬಿರಬೇಕು.

ಮನೆಗೆ ಬಂದಾಗ ಮೇಜಿನ ಮೇಲೆ ಕೆಂಪು ಕಾಗದದ ಹೃದಯವಿತ್ತು. ಇವತ್ತು ಏನು ದಿನವೆಂದು ಮರೆತಿದ್ದೆ. ಲೂಬಾ ಮಾತ್ರ ಈ ವರ್ಷ ಉಡುಗೊರೆ ಸಿಕ್ಕಿತು ಎಂದಳು. ಏನೆಂದು ಹೇಳಲಿಲ್ಲ. ನಾನಂತೂ ಏನೂ ತಂದಿರಲಿಲ್ಲ.

ಮಾರ್ಚ್ 17, ಸೋಮವಾರ

ಎಲ್ಲ ಬೇಗ ಆಯಿತು. ಡಾ. ಟ್ವೀಡಲ್ ಕಡತವನ್ನು ವಾಪಸು ಕಳಿಸಿದಳು. ನಾನೇ ಒಪ್ಪಿಕೊಂಡ ಮೇಲೆ ತನಿಖಾಧಿಕಾರಿಗೆ ತನಿಖೆ ಮಾಡಲು ಏನು ಉಳಿದಿತ್ತು? ಈ ದಿನ ಶಿಸ್ತು ಸಮಿತಿಯ ಆದೇಶ ಬಂತು. ನನಗೆ ಲಿಖಿತ ಛೀಮಾರಿ. ವಕೀಲಿಕೆ ಇರುವ ತನಕ ನನ್ನ ದಾಖಲೆಯಲ್ಲಿ ಇರುತ್ತದೆ. ಯಾರು ಬೇಕಾದರೂ ತೆಗೆದು ಓದಬಹುದು.

ಎಲ್ಸಿಯ ಬಗ್ಗೆ ಬರೆದದ್ದು ಎರಡೇ ವಾಕ್ಯ. "ದೂರುದಾರರು ಒಂಬತ್ತು ಬಾರಿ ಕರೆ ಮಾಡಿದ್ದು ದಾಖಲೆಯಿಂದ ಸಿದ್ಧವಾಗಿದೆ. ಅವರು ಹೇಳಿದ ತಾರೀಕುಗಳೆಲ್ಲವೂ ಸರಿಯಾಗಿವೆ."

ಮೂವತ್ತು ದಿನದೊಳಗೆ ನಾನು ಮೇಲ್ಮನವಿ ಹಾಕಬಹುದು. ಏಪ್ರಿಲ್ ಹದಿನಾರರ ಸಂಜೆ ಐದರ ತನಕ ಸಮಯವಿದೆ. ಛೀಮಾರಿ ಅತಿಯಾಯಿತು ಎನ್ನಲು ಹದಿನಾಲ್ಕು ಆಧಾರಗಳು ಈಗಾಗಲೇ ಹೊಳೆದಿವೆ. ವರ್ನಾಗೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಲು ಹೇಳಿದೆ.

ಮಾರ್ಚ್ 19, ಬುಧವಾರ

ಎಲ್ಸಿ ನಿನ್ನೆ ಆದೇಶವನ್ನು ಕಾಫಿ ಮೇಜಿನಲ್ಲಿ ಗಟ್ಟಿಯಾಗಿ ಓದಿದಳಂತೆ. ಎರಡು ಸಲ, ಎರಡನೆಯ ಸಲ ಲೈಲ್‌ನ ಪಕ್ಕದಲ್ಲಿ ನಿಂತು. ನಾನು ಆ ದಿನ ಕಾಫಿಗೆ ಹೋಗಿರಲಿಲ್ಲ. ಲೈಲ್ ಅಲ್ಲೇ ಜೇಬಿನಿಂದ ಕೀ ತೆಗೆದು ಮೇಜಿನ ಮೇಲೆ ಇಟ್ಟನಂತೆ. ನಾಲ್ಕು ತಿಂಗಳಿಂದ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದನೋ ಏನೋ.

ಇವತ್ತು ಬೆಳಿಗ್ಗೆ ಎಂಟೂ ಹತ್ತಕ್ಕೆ ಎಲ್ಸಿಯ ಹಳದಿ ಬಸ್ಸು ಕಚೇರಿಯ ಮುಂದೆ ಹೋಯಿತು. ಕಿಟಕಿಯಲ್ಲಿ ಸುಮ್ಮನೆ ನಿಂತಿದ್ದೆ.

ಏಪ್ರಿಲ್ 10, ಗುರುವಾರ

ಹಿಮ ಕರಗಿ ದಾರಿಗಳೆಲ್ಲ ಕೆಸರು. ಮಧ್ಯಾಹ್ನ ಒಬ್ಬ ಕಕ್ಷಿದಾರನನ್ನು ನೋಡಿ ಬರುವಾಗ ಏಬ್‌ನ ಹೊಲದ ಪಕ್ಕ ಕಾರು ನಿಲ್ಲಿಸಿದೆ. ನಾನು ಆ ಜಾಗವನ್ನು ಕಾಗದದಲ್ಲಿ ಅಷ್ಟೇ ನೋಡಿದ್ದು: ಇಂಥ ಸೆಕ್ಷನ್, ಇಂಥ ಮೂಲೆ. ಈಗ ಅಲ್ಲಿ ಕರಿಮಣ್ಣಿನ ಚಪ್ಪಟೆ ಹೊಲ, ನಡುವೆ ಗೆರೆ ಕೊರೆದ ಹಾಗೆ ಒಂದು ಕಾಲುವೆ. ಅಕ್ಕಪಕ್ಕದ ಗುಂಡಿಗಳಲ್ಲೆಲ್ಲ ಕಪ್ಪೆಗಳು ಕೂಗುತ್ತಿದ್ದವು. ಅಲ್ಲಿ ಮಾತ್ರ ಏನೂ ಇಲ್ಲ.

ನನಗೆ ನಾಚಿಕೆಯಾಯಿತು. ಆದೇಶ ಓದಿದಾಗ ಅವಮಾನ ಆಗಿತ್ತು. ಇದು ಬೇರೆ. ಇದನ್ನು ಎಷ್ಟು ಹೊತ್ತು ನಿಂತರೂ ಯಾವ ಪೀಠಕ್ಕೂ ಒಯ್ಯುವಂತಿರಲಿಲ್ಲ.

ಹಿಂದೆ ಬಸ್ಸು ನಿಂತ ಸದ್ದಾಯಿತು. ಮಕ್ಕಳನ್ನೆಲ್ಲ ಇಳಿಸಿ ಖಾಲಿ ಬಸ್ಸಿನಲ್ಲಿ ಬರುತ್ತಿದ್ದಳು ಎಲ್ಸಿ. ಬಾಗಿಲು ತೆರೆದಳು, ಇಳಿಯಲಿಲ್ಲ.

"ಮೊದಲ ಕಪ್ಪೆ ಕೂಗಿದ ತಾರೀಕನ್ನ ಏಬ್ ಕೊಟ್ಟಿಗೆ ಬಾಗಿಲ ಮೇಲೆ ಬರೀತಿದ್ದ," ಎಂದಳು. "ನಲವತ್ತು ವರ್ಷದ್ದು ಇದೆ. ಬಾಗಿಲು ಮಾತ್ರ ಕಿತ್ಕೊಂಡು ಬಂದೆ."

"ತಪ್ಪು ನಂದು, ಎಲ್ಸಿ. ನೀನು ಹೇಳಿದ್ದೆ. ನಾನು ಬರ್ಕೊಂಡಿದ್ದೆ ಕೂಡ. ಕ್ಷಮೆ ಕೇಳ್ತೀನಿ."

ಅವಳು ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಹೊಲವನ್ನೇ ನೋಡಿದಳು. ಕಣ್ಣು ಒರೆಸಿಕೊಂಡಳು, ನಾನು ನೋಡದ ಹಾಗೆ ನಿಂತೆ.

"ಇದನ್ನ ಫೋನಲ್ಲೇ ಹೇಳ್ಬಹುದಿತ್ತಲ್ಲ ಮಾರಾಯ. ನಂಬರ್ ನಿನ್ನ ಹತ್ರ ಒಂಬತ್ತು ಕಾರ್ಡಲ್ಲಿ ಇತ್ತು."

ಬಾಗಿಲು ಮುಚ್ಚಿದಳು, ಮತ್ತೆ ತೆರೆದಳು.

"ಇನ್ನೊಂದು. ನಾನು ಹನ್ನೊ‍ಂದು ಅಂದಿದ್ದೆ. ಅವರು ಒಂಬತ್ತು ಅಂತ ಬರೆದಿದಾರೆ. ಇನ್ನೆರಡು ಎಲ್ಲಿ ಹೋಯ್ತು?"

"ಗೊತ್ತಿಲ್ಲ. ನೆನಪಿಲ್ಲ."

"ಈಗ ಸರಿಯಾಗಿ ಹೇಳ್ದೆ," ಎಂದು ಗೇರು ಹಾಕಿದಳು.

ಏಪ್ರಿಲ್ 16, ಬುಧವಾರ

ಸಂಜೆ ನಾಲ್ಕೂ ಮುಕ್ಕಾಲಿಗೆ ಫೋನು. ವರ್ನಾ ಎತ್ತುವ ಮುಂಚೆ ನಾನೇ ಎತ್ತಿದೆ.

"ಎಲ್ಸಿ."

"ಹೇಳು, ಎಲ್ಸಿ."

"ಏನಿಲ್ಲ. ಎತ್ತುತ್ತೀಯಾ ಅಂತ ನೋಡ್ದೆ. ಇದು ಹತ್ತನೇದು. ಹನ್ನೊಂದನೇದು ನಾಳೆ ಮಾಡ್ತೀನಿ. ಲೆಕ್ಕ ಸರಿಯಾಗ್ಲಿ."

"ಏನ್ ವಿಷಯಕ್ಕೆ?"

"ನಾಳೆ ಹೇಳ್ತೀನಿ ಅಂದ್ನಲ್ಲ. ನನ್ನ ಉಯಿಲು ಬರೀಬೇಕು. ಬೇರೆ ವಕೀಲರು ಊರಲ್ಲಿ ಯಾರಿದಾರೆ, ನೀನೇ ಗತಿ. ಬರ್ಕೊಳ್ಳೋಕೆ ಸರಿಯಾದ ಕಾಗದ ಇಟ್ಕೊ."

ಆಮೇಲೆ ಬಹಳ ಹೊತ್ತು ಇಬ್ಬರೂ ಮುಂದಿನ ಸಾಲಿನ ತಂಡದ ಬಗ್ಗೆ ಮಾತಾಡಿದೆವು. ನನ್ನ ಉಜ್ಜುವಿಕೆ ಅವಳಿಗೆ ಇನ್ನೂ ಸಮಾಧಾನವಿಲ್ಲ. ಫೋನ್ ಇಟ್ಟಾಗ ಐದೂ ಇಪ್ಪತ್ತು.

ಏಪ್ರಿಲ್ 17, ಗುರುವಾರ

ವರ್ನಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಕೆಂಪು ಗುರುತನ್ನು ಬೆರಳಿನಿಂದ ತಟ್ಟಿದಳು.

"ಮೇಲ್ಮನವಿ ಗಡುವು ನಿನ್ನೆ ಐದಕ್ಕೆ ಮುಗೀತು, ವಕೀಲ್ರೇ. ಹದಿನಾಲ್ಕು ಆಧಾರ ಟೈಪ್ ಮಾಡಿ ಇಟ್ಟಿದ್ದೆ. ಸಹಿಗೆ ನಿಮ್ಮ ಮೇಜಿನ ಮೇಲೇ ಇತ್ತು."

ಮರೆತೆ ಎಂದೆ.

ವರ್ನಾ ಹದಿನಾಲ್ಕು ಆಧಾರಗಳನ್ನು ತೆಗೆದುಕೊಂಡು ಹೋಗಿ ಹಿಂಬದಿ ಖಾಲಿಯಿರುವ ಹಾಳೆಗಳ ಟ್ರೇಗೆ ಹಾಕಿದಳು.

ಹನ್ನೆರಡೂವರೆ. ಕಾಫಿಗೂ ಹೋಗಿಲ್ಲ, ಊಟಕ್ಕೂ ಹೋಗಿಲ್ಲ. ಹೊಸ ಬರೆಯುವ ಪುಸ್ತಕ ತೆರೆದು ತಾರೀಕು ಹಾಕಿ ಇಟ್ಟಿದ್ದೇನೆ. ಕನ್ನಡಕ ಹಣೆಯ ಮೇಲಿದೆ, ನೋಡಿಕೊಂಡೆ. ಲೂಬಾ ಎರಡು ಸಲ ಫೋನ್ ಮಾಡಿದಳು, ಲೈನು ಹಿಡಿದುಕೊಳ್ಳಬೇಡ ಎಂದು ಬೇಗ ಇಟ್ಟೆ. ನಕ್ಕಳು, ಯಾಕೋ.

ಫೋನು ಹೊಡೆದುಕೊಳ್ಳುತ್ತಿದೆ.